ಅವ್ವನಿಗೆ ಬೆನ್ನು ಮಾಡಿ ಇಟ್ಟ ಯಂತ್ರ

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ಅಪ್ಪಿತಪ್ಪಿ ಹೇಳಿದರೆ, “ಅದು ಬರೋ ಹೊತ್ಗೆ ರಾಗಿ ಮೊಳಕೆ ಒಡೆದಿರ್ತದೆ ಬುಡು” ಎಂದು ನಗುತ್ತಾರೆ. ನಮ್ಮೂರಿಗೆ ಗಾಳಿ ಬರುವುದಿಲ್ಲ. ಇರುವ ಗಾಳಿ ಇಟ್ಟಲ್ಲೇ ಇರುತ್ತದೆ. ಸೋಮವಾರ ಹಾಕಿದ ಒಗ್ಗರಣೆ ಗುರುವಾರವೂ ಅಡುಗೆಮನೆಯ ಕಿಟಕಿಯಾಚೆ ಘಮಘಮ ಎನ್ನುತ್ತ ನಿಂತಿರುತ್ತದೆ. ಹೊಸಬರು ಮನೆ ಕೇಳಿದರೆ ನಾವು ಬೀದಿಯ ಹೆಸರು ಹೇಳುವುದಿಲ್ಲ. ಹೀಗೇ ನೆಟ್ಟಗೆ ಹೋಗಿ, ಇಂಗು ಸಿಕ್ಕಿದ ಕಡೆ ಎಡಕ್ಕೆ ತಿರುಗಿ, ಹಲಸಿನಹಣ್ಣು ದಾಟಿದ ಮೇಲೆ ಮೂರನೆಯ ಮನೆ ಎನ್ನುತ್ತೇವೆ. ಮೋರಿಕಟ್ಟೆಯ ಮೇಲೆ ಕೂತು ಬೀಡಿ ಸೇದಿದವನು ಎದ್ದುಹೋದರೂ ಹೊಗೆ ಅವನ ಬಾಯಿಯಿದ್ದ ಎತ್ತರದಲ್ಲೇ ಉಳಿದಿರುತ್ತದೆ. ಹಾಗಾಗಿ ನಮ್ಮೂರಿನ ಗಂಡಸರಿಗೆ ಹೆಂಡತಿಯ ಹತ್ತಿರ ಸುಳ್ಳು ಹೇಳುವುದು ಸ್ವಲ್ಪ ಕಷ್ಟ.

ಇಂಥ ಊರಿನಲ್ಲಿ ಬಾಳುವುದಕ್ಕೆ ಒಂದಿಷ್ಟು ನಯನಾಜೂಕು ಬೇಕು. ಮೊದಲನೆಯದಾಗಿ ಓಡಬಾರದು. ಓಡಿದರೆ ಒಬ್ಬರ ಮನೆಯ ಸಾಂಬ್ರಾಣಿ ಇನ್ನೊಬ್ಬರ ಒಣಮೀನಿನೊಳಗೆ ಕಲಸಿಕೊಂಡು ಎರಡು ಮನೆಗೂ ಜಗಳ ಹತ್ತುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣಕ್ಕಿಂತ ನಡಿಗೆಯನ್ನು ಹೆಚ್ಚು ನೋಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಬೀದಿಯಲ್ಲಿ ಗಾಳಿ ಸರದಿ. ಮನೆಗೊಬ್ಬರಂತೆ ಸೇರಿ, ಹಳೆಯ ಸೀರೆಗಳನ್ನು ಬೀದಿಗೆ ಅಡ್ಡಲಾಗಿ ಹಿಡಿದು, ಒಂದೇ ಸಮ ಹೆಜ್ಜೆ ಹಾಕುತ್ತ, ಹಳಸಿದ ಗಾಳಿಯನ್ನು ಊರಾಚೆಯ ಹಾಳುಬಾವಿಯ ತನಕ ದೂಡಿ ಬರುತ್ತೇವೆ. ಫ್ಯಾನು ಯಾಕಿಲ್ಲ ಎಂದು ಹೊರಗಿನಿಂದ ಬರುವ ಲಾರಿಯವರು ಕೇಳುತ್ತಾರೆ. ಬಟ್ಟೆ ಅಂಗಡಿಯವರು ಒಮ್ಮೆ ತಂದು ಹಾಕಿದ್ದರು. ಗಾಳಿ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಕದಡಿಹೋಯಿತು. ಆ ಅಂಗಡಿಯ ಸೀರೆಗಳಿಗೆ ವರ್ಷವೆಲ್ಲ ಮಲ್ಲಿಗೆ, ಸೀಮೆಎಣ್ಣೆ, ಹುರುಳಿಸಾರು ಮೂರೂ ಸೇರಿದ ವಾಸನೆ ಇತ್ತು, ಮದುವೆಗೆ ಯಾರೂ ಕೊಳ್ಳಲಿಲ್ಲ.

ನಾನು ಚಿಕ್ಕತಾಯಮ್ಮ. ಮನೆಯ ಮುಂಗೋಣೆಯಲ್ಲಿ ಖಾರದಪುಡಿ ಮಿಲ್ಲು ನಡೆಸುವುದರಿಂದ ಊರಿಗೆಲ್ಲ ಖಾರದ ಚಿಕ್ಕತಾಯಿ. ಮಿಲ್ಲು ನನ್ನ ಅವ್ವನದು. ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಆದರೆ ಹಿತ್ತಿಲಿನ ಮೂಲೆಯಲ್ಲಿ ಇನ್ನೂ ಇದ್ದಳು. ಅಲ್ಲೊಂದು ಚಪ್ಪಡಿ ಕಲ್ಲಿದೆ. ಶನಿವಾರ ಬಂತೆಂದರೆ ನನ್ನನ್ನೂ ಅಕ್ಕ ದೊಡ್ಡತಾಯಿಯನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಆ ಕಲ್ಲಿನ ಮೇಲೆ ಕೂರಿಸಿ, ತಲೆಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಮಿಸುಕಿದರೆ ನೆತ್ತಿಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ “ಅಲುಗಾಡಬ್ಯಾಡ” ಅನ್ನುತ್ತಿದ್ದಳು. ಹರಳೆಣ್ಣೆ, ಸೀಗೆಪುಡಿ, ಅವಳ ದವಡೆಯಲ್ಲಿ ಯಾವಾಗಲೂ ಇರುತ್ತಿದ್ದ ಹೊಗೆಸೊಪ್ಪು, ಈ ಮೂರರ ವಾಸನೆ ಒಂದಾಗಿ ಆ ಕಲ್ಲಿನ ಮೇಲೆ ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ದಿನಾ ಬೆಳಿಗ್ಗೆ ಮಿಲ್ಲು ಹಾಕುವ ಮೊದಲು ನಾನು ಸೆರಗು ಬಿಗಿದುಕೊಂಡು, ಅಡ್ಡಡ್ಡ ಹೆಜ್ಜೆ ಇಟ್ಟು, ಆ ವಾಸನೆಯೊಳಗೆ ಹೋಗಿ ನಿಲ್ಲುತ್ತಿದ್ದೆ. ಎಲ್ಲಿ ಮುಗಿದುಹೋಗುತ್ತದೋ ಎಂದು ಉಸಿರನ್ನು ಸಣ್ಣಗೆ, ಕಳ್ಳಿಯ ಹಾಗೆ ಎಳೆದುಕೊಳ್ಳುತ್ತಿದ್ದೆ. ಐವತ್ತೆರಡು ವರ್ಷದ ಹೆಂಗಸು ಹೀಗೆ ಮಾಡುತ್ತಿದ್ದಳೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಕ್ಕನ ಮನೆ ಅದೇ ಬೀದಿಯ ಆ ತುದಿಯಲ್ಲಿ. ಪಾಲಿನಲ್ಲಿ ಅವಳಿಗೆ ಹೊಲ ಹೋಯಿತು, ನನಗೆ ಮನೆ ಬಂತು. ಮನೆಯ ಜೊತೆ ಮೂಲೆಯೂ ಬಂತು. ತಿಥಿ ಮುಗಿದ ಮಾರನೆಯ ದಿನ ಅಕ್ಕ ಮುಚ್ಚಳವಿದ್ದ ಹಿತ್ತಾಳೆ ಕೊಳಗ ಹಿಡಿದುಕೊಂಡು ಬಂದು, “ಅರ್ಧ ತುಂಬ್ಕಂಡು ಹೋಗ್ತೀನಿ ಕಣೆ” ಅಂದಳು. ನಾನು ಅಡ್ಡ ನಿಂತೆ. ಅರ್ಧ ಮಾಡಿದರೆ ಇಬ್ಬರಿಗೂ ಇಲ್ಲದ ಹಾಗಾಗುತ್ತದೆ, ಇಲ್ಲೇ ಬಂದು ನಿಂತು ಹೋಗು ಅಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳು ಕೊಳಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, “ಅವ್ವನೇ ಬಂದು ಕರೆದ್ರೆ ಬತ್ತೀನಿ. ಅಲ್ಲೀಗಂಟ ನಿನ್ನ ಹೊಸ್ಲು ತುಳಿಯಾಕಿಲ್ಲ” ಎಂದು ಹೋದಳು. ನಮ್ಮ ದೊಡ್ಡತಾಯಿ ಆಡಿದ ಮಾತಿಗೆ ತಪ್ಪುವವಳಲ್ಲ. ಗಾಳಿ ಸರದಿಯ ದಿನವೂ ಸೀರೆಯ ಆ ತುದಿ ಹಿಡಿದು ನಡೆಯುತ್ತಿದ್ದಳೇ ಹೊರತು ಈ ತುದಿಯಲ್ಲಿ ಇದ್ದವಳ ಕಡೆ ತಿರುಗಿ ನೋಡುತ್ತಿರಲಿಲ್ಲ.

ಹನ್ನೊಂದು ವರ್ಷದಲ್ಲಿ ಅವ್ವನ ವಾಸನೆ ಒಂದಿಷ್ಟೂ ಸವೆದಿರಲಿಲ್ಲ. ಕಷ್ಟ ಬಂದದ್ದು ಮಿಲ್ಲಿನಿಂದ. ಮೆಣಸಿನಕಾಯಿ ಕುಟ್ಟಿದಾಗ ಏಳುವ ದೂಳು ಮುಂಗೋಣೆ ತುಂಬಿ, ನಡುಮನೆ ತುಂಬಿ, ಹಿತ್ತಿಲಿನ ಬಾಗಿಲು ದಾಟಿತ್ತು. ಹಿತ್ತಿಲಿನಲ್ಲಿ ಅದು ಕೆಂಪು ಪರದೆ ಕಟ್ಟಿದಂತೆ ನಿಂತು, ತಿಂಗಳಿಗೊಂದು ಗೇಣು ಮುಂದಕ್ಕೆ ಬರುತ್ತಿತ್ತು. ನಾನು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ನೋಡುತ್ತಿದ್ದೆ. ಆ ಬೇಸಿಗೆಯಲ್ಲಿ ಅವ್ವನಿಗೂ ಖಾರಕ್ಕೂ ನಡುವೆ ಉಳಿದದ್ದು ಮೂರೇ ಗೇಣು. ಸೀರೆ ಹಿಡಿದು ದೂಡೋಣವೆಂದರೆ ಹಿತ್ತಿಲು ಇಕ್ಕಟ್ಟು, ಖಾರದ ಜೊತೆ ಅವ್ವನೂ ಹೋಗುತ್ತಾಳೆ. ಮಿಲ್ಲು ನಿಲ್ಲಿಸೋಣವೆಂದರೆ ಅದೂ ಅವ್ವನದೇ, ಅದರಿಂದಲೇ ಅನ್ನ. ಅತ್ತ ದರಿ ಇತ್ತ ಪುಲಿ.

ನನ್ನ ಗಂಡ ಬಿಳಿಗಿರಿ ಲಾರಿ ಮೆಕ್ಯಾನಿಕ್ಕು. ಎದುರಿಗೇ ಅವನ ಶೆಡ್ಡು. ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ನಾಲ್ಕು ನಟ್ಟು ಉಳಿಸುವುದು, ಉಳಿದ ನಟ್ಟಿನಿಂದ ಹೊಸದೇನಾದರೂ ಮಾಡಲು ಹೊರಡುವುದು ಅವನ ಜಾಯಮಾನ. ನಾನು ಗೆರೆಗಳನ್ನು ತೋರಿಸಿ ಅತ್ತ ದಿನ ಅವನು ಗೋಡೆಗೆ ಗೇಣು ಹಾಕಿ ಅಳೆದು ನೋಡಿದ.

“ಫ್ಯಾನು ಕದಡ್ತದೆ, ಸೀರೆ ಹರವಾಗಿ ದೂಡ್ತದೆ. ನಿಂಗೆ ಬೇಕಾಗಿರೋದು ಸಣ್ಣಕ್ಕೆ, ನೆಟ್ಟಗೆ, ಗೋಡೆ ಪಕ್ಕದಾಗೇ ಹೋಗೋ ಗಾಳಿ,” ಅಂದ. “ಎಸೀಬೇಕು ಕಣಮ್ಮಿ. ಕವಣೆ ಕಲ್ಲು ಎಸ್ದಂಗೆ ಗಾಳೀನ ಎಸೀಬೇಕು.”

ಹೀಗೆ ಶುರುವಾಯಿತು. ಮೊದಲು ಮಾಡಿದ್ದು ಒಂದು ಉದ್ದನೆಯ ಕಬ್ಬಿಣದ ಕೊಳವೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ದಪ್ಪ ತುದಿಯ ಬಾಯಿಗೆ ತೆಳ್ಳನೆಯ ಉಕ್ಕಿನ ಎಸಳುಗಳು, ಒಳಕ್ಕೆ ಮಾತ್ರ ಬಾಗುವಂಥವು. ಒಳಗೆ ಸೀಮೆಎಣ್ಣೆ ತುಂತುರಿಸಿ ಕಿಡಿ ಕೊಟ್ಟರೆ ಢಂ ಎನ್ನುತ್ತದೆ, ಎಸಳು ಮುಚ್ಚಿಕೊಳ್ಳುತ್ತದೆ, ಬೆಂಕಿ ಬಾಲದಿಂದ ಹೊರಕ್ಕೆ ಹಾರುತ್ತದೆ. ಹಾರಿದ ಮೇಲೆ ಒಳಗೆಲ್ಲ ಬರಿದು, ಆ ಬರಿದಿಗೆ ಎಸಳು ತಾನೇ ತೆರೆದುಕೊಂಡು ಹೊಸ ಗಾಳಿ ಒಳಗೆ ಬರುತ್ತದೆ, ಮತ್ತೆ ಢಂ. ಇದು ಸೆಕೆಂಡಿಗೆ ನೂರು ಸಲ. ತಿರುಗುವ ಸಾಮಾನು ಒಂದೂ ಇಲ್ಲ. “ಉಸ್ರಾಡ್ತದೆ ನೋಡು,” ಎಂದು ಬಿಳಿಗಿರಿ ಮಗು ಹೆತ್ತವನ ಹಾಗೆ ತೋರಿಸಿದ. ಉಸಿರಾಡುತ್ತದೆ ಎಂಬ ಆ ಮಾತನ್ನು ನಾನು ಆವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಅದರ ಸದ್ದಿಗೆ ಪಕ್ಕದ ಮನೆಯ ಉಪ್ಪಿನಕಾಯಿ ಭರಣಿ ಸೀಳುಬಿಟ್ಟಿತು. ಗಾಳಿ ಸರದಿ ನೋಡಿಕೊಳ್ಳುವ ಪಾಂಡುರಂಗ ಮೇಷ್ಟ್ರು ಎರಡು ಕಿವಿಗೂ ಹತ್ತಿ ತುರುಕಿಕೊಂಡು ಬಂದು, “ಏನಯ್ಯಾ ಇದು, ಗಾಳಿಯೋ ಗುಡುಗೋ?” ಎಂದು ಕೂಗಿದರು. ಸದ್ದನ್ನಾದರೂ ಸಹಿಸಬಹುದಿತ್ತು. ಶೆಡ್ಡಿನಲ್ಲಿ ಒಂದು ಹಿಡಿ ಖಾರ ತೂರಿ ನೋಡಿದರೆ, ಅದು ಗೇಣು ಮುಂದಕ್ಕೆ ಹೋಗಿ ಗೇಣು ಹಿಂದಕ್ಕೆ ಬರುತ್ತಿತ್ತು. ಯಂತ್ರ ಗಾಳಿಯನ್ನು ಗುಟುಕು ಗುಟುಕಾಗಿ ಎಸೆಯುತ್ತಿತ್ತು, ಒಂದೇ ಧಾರೆಯಾಗಿ ಕೊಡುತ್ತಿರಲಿಲ್ಲ.

“ಗುಟುಕನ್ನ ಧಾರೆ ಮಾಡೋಕೆ ಚಕ್ರ ಬೇಕು,” ಎಂದು ಬಿಳಿಗಿರಿ ಗುಜರಿ ಲಾರಿಯೊಂದರ ಟರ್ಬೊ ಬಿಚ್ಚಿ ತಂದ. ಟರ್ಬೊ ಅಂದರೆ ಒಂದೇ ಕಡ್ಡಿಗೆ ಪೋಣಿಸಿದ ಎರಡು ಪುಟ್ಟ ಚಕ್ರಗಳು. ಇತ್ತಲಿನ ಚಕ್ರವನ್ನು ಬಿಸಿ ಹೊಗೆ ತಿರುಗಿಸುತ್ತದೆ, ಅದರ ಜೊತೆ ತಿರುಗುವ ಅತ್ತಲಿನ ಚಕ್ರ ತಣ್ಣನೆಯ ಗಾಳಿಯನ್ನು ಒತ್ತಿ ಕಳಿಸುತ್ತದೆ. ಕೊಳವೆಯ ಬಾಲಕ್ಕೆ ಇತ್ತಲಿನ ಚಕ್ರ ಬಿಗಿದು ಕಿಡಿ ಕೊಟ್ಟ. ಯಂತ್ರ ಎರಡು ಸಲ ಕೆಮ್ಮಿ ಸತ್ತಿತು. ಮತ್ತೆ ಕೊಟ್ಟ, ಮತ್ತೆ ಸತ್ತಿತು. ಬಾಲ ಉದ್ದ ಮಾಡಿದ, ಗಿಡ್ಡ ಮಾಡಿದ, ಎಸಳು ಬದಲಿಸಿದ. ಹದಿನೆಂಟು ದಿನ ಹೀಗೇ ಹೋಯಿತು. ಹಿತ್ತಿಲಿನಲ್ಲಿ ಖಾರ ಇನ್ನರ್ಧ ಗೇಣು ಮುಂದೆ ಬಂತು.

ಹತ್ತೊಂಬತ್ತನೆಯ ದಿನ ಬಿಳಿಗಿರಿ ಊಟಕ್ಕೆ ಬಂದು ಒಲೆಯ ಮುಂದೆ ಮಂಕಾಗಿ ಕೂತ. ನಾನು ಸಾರು ಬಿಸಿ ಮಾಡಲು ಊದುಗೊಳವೆ ಹಿಡಿದು ಕೆಂಡ ಊದುತ್ತಿದ್ದೆ. ಅವನು ಸುಮ್ಮನಿರಲಾರದೆ, “ಇನ್ನೊಸಿ ಹತ್ರ ಹಿಡ್ದು ಊದಬಾರ್ದಾ?” ಅಂದ.

“ಕೆಂಡದ ಬಾಯಿಗೇ ಇಟ್ರೆ ಎಲ್ಲಾರ ಹತ್ತದುಂಟಾ? ಆರೋಯ್ತದೆ. ನಾಕು ಬೆಟ್ಟು ದೂರ ಹಿಡೀಬೇಕು. ಕೊಳವೆ ಗಾಳಿ ಪಕ್ಕದ ಗಾಳೀನೂ ಕರ್ಕಂಡು ಹೋಯ್ತದೆ, ಆಗ ಧಗ್ ಅಂತದೆ. ಇಷ್ಟು ವರ್ಷ ಒಲೆ ಮುಂದೆ ಕೂತು ಉಂಡಿದೀಯ, ಇದು ಗೊತ್ತಿಲ್ವಾ?”

ಅವನು ತಟ್ಟೆ ಅಲ್ಲೇ ಬಿಟ್ಟು ಎದ್ದ. ನಮ್ಮೂರಿನ ಮರ್ಯಾದೆ ಮರೆತು ಓಡಿಯೇಬಿಟ್ಟ, ನನ್ನ ಸಾರಿನ ವಾಸನೆ ಅರ್ಧ ಅವನ ಹಿಂದೆ ಬೀದಿಗೆ ಹೋಯಿತು.

ಕೊಳವೆಗೂ ಚಕ್ರಕ್ಕೂ ನಡುವೆ ನಾಲ್ಕು ಬೆರಳಷ್ಟು ಸಂದು ಬಿಟ್ಟ. ಅಷ್ಟೇ. ಕೊಳವೆಗೆ ಉಸಿರು ಕಟ್ಟುವುದು ನಿಂತಿತು. ಬೆಂಕಿಯ ಪ್ರತಿ ಗುಟುಕೂ ಸಂದಿನಿಂದ ತಣ್ಣನೆಯ ಗಾಳಿಯನ್ನು ಜೊತೆಗೆ ಕರೆದುಕೊಂಡು ಚಕ್ರಕ್ಕೆ ಹೊಡೆಯಿತು. ಚಕ್ರ ಮೊದಲು ಗುಂಯ್ ಎಂದು, ಆಮೇಲೆ ಸಣ್ಣಗೆ ಸಿಳ್ಳೆ ಹಾಕಿತು. ಗುಡುಗಿನ ಮುಕ್ಕಾಲು ಪಾಲನ್ನು ಚಕ್ರವೇ ನುಂಗಿಕೊಂಡಿತು. ಅತ್ತಲಿನ ಚಕ್ರದ ಗಾಳಿಯನ್ನು ಖಾಲಿ ಡ್ರಮ್ಮಿನೊಳಗೆ ಬಿಟ್ಟು, ಡ್ರಮ್ಮಿಗೆ ಮೂತಿ ಕಟ್ಟಿದ್ದ; ಆ ಮೂತಿಯಿಂದ ನೂಲು ಹಿಡಿದ ಹಾಗೆ ಒಂದೇ ಧಾರೆ ಹೊರಟು, ಶೆಡ್ಡಿನ ಗೋಡೆಯ ಉದ್ದಕ್ಕೂ ಸಾಗಿ, ಆಚೆ ತುದಿಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತಿತು. ನಮ್ಮೂರಿನಲ್ಲಿ ಕಾಗದ ತಾನಾಗಿ ಹಾರಿದ್ದನ್ನು ಕಂಡದ್ದು ಅದೇ ಮೊದಲು. ನಾವಿಬ್ಬರೂ ಅದನ್ನು ಮತ್ತೆ ಮತ್ತೆ ನೇತುಹಾಕಿ ಹಾರಿಸಿದೆವು.

“ಹಿಂದ್ಗಡೆ ಡೀಸೆಲ್ ನಾತಾನೂ ಹೋಯ್ತಲ್ಲಾ!” ಎಂದು ಬಿಳಿಗಿರಿ ಮೂಗರಳಿಸಿದ. ಶೆಡ್ಡಿನ ಹಿಂಭಾಗದಲ್ಲಿ ಇಪ್ಪತ್ತು ವರ್ಷದಿಂದ ನಿಂತಿದ್ದ ನಾತ ಅದು. “ಒಂದಕ್ಕೆ ಎರಡು ಲಾಭ.” ಅದು ಯಾಕೆ ಹೋಯಿತು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮಗೆ ಗಾಳಿಯನ್ನು ದೂಡುವುದು ಗೊತ್ತಿತ್ತು. ಸೀರೆ ಹಿಡಿದು ಹುಟ್ಟಿದಾಗಿನಿಂದ ದೂಡಿದವರು ನಾವು. ಗಾಳಿಯನ್ನು ಎಳೆಯಬಹುದು ಎನ್ನುವುದು, ದಿನವಿಡೀ ಮೂಗಿನಿಂದ ಅದನ್ನೇ ಮಾಡುತ್ತಿದ್ದರೂ, ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಯಂತ್ರವನ್ನು ಹಿತ್ತಿಲಿಗೆ ತಂದರು. ಬೀದಿಯವರೆಲ್ಲ ಮೆಲ್ಲಗೆ ನಡೆದು ಬಂದು ಮನೆಯ ಮುಂದೆ ಸೇರಿದರು. ಬಿಳಿಗಿರಿ ಯಂತ್ರವನ್ನು ಗೋಡೆಗೆ ಓರೆಯಾಗಿ ಇಡಲು ಹೋದ. ನಾನು ಬಿಡಲಿಲ್ಲ.

“ಓರೆ ಬ್ಯಾಡ. ಒಂಚೂರು ಹೆಚ್ಚುಕಮ್ಮಿ ಆದ್ರೆ ಅವ್ವಂಗೆ ತಾಕ್ತದೆ. ಅವ್ವಂಗೆ ಪೂರ್ತಿ ಬೆನ್ನು ಮಾಡಿ ಇಡು.”

“ಯಂತ್ರದ ಬೆನ್ನು ಕಲ್ಲಿಗೇ ತಾಕ್ತದಲ್ಲೇ.”

“ತಾಕ್ಲಿ. ಬೆನ್ನಿಂದ ಏನಾಯ್ತದೆ?”

ಮೂತಿ ಬಾಗಿಲ ಕಡೆ, ಬೀದಿಯ ಕಡೆ; ಬೆನ್ನು ಅವ್ವನ ಕಲ್ಲಿಗೆ ಒತ್ತಿಕೊಂಡು. ನಾನೇ ನಿಂತು ಇಡಿಸಿದೆ. ಬಿಳಿಗಿರಿ ಕಿಡಿ ಕೊಟ್ಟ. ಢಂಢಂ ಎಂದು ಶುರುವಾಗಿ ಸಿಳ್ಳೆಗೆ ತಿರುಗಿತು. ಕೆಂಪು ಪರದೆ ಒಮ್ಮೆ ನಡುಗಿ, ನಡುವಿನಲ್ಲಿ ಬಿರಿದು, ಸುತ್ತಿಕೊಂಡು ಬಾಗಿಲಿನತ್ತ ಹೊರಟಿತು. ನಡುಮನೆ ದಾಟಿತು, ಮುಂಗೋಣೆ ದಾಟಿತು, ಎದುರಿನ ಶೆಡ್ಡಿನ ಗೋಡೆಗೆ ಬಡಿದು ಬೀದಿಯ ಆ ತುದಿಯ ಕಡೆ ತಿರುಗಿತು. ಬೀದಿಯಲ್ಲಿ ಹೋ ಎಂದು ಕೂಗಿದರು, ಕೂಗಿದ ಬಾಯಿಗೇ ಖಾರ ನುಗ್ಗಿ ಎಲ್ಲರೂ ಸೀನತೊಡಗಿದರು. ಪಾಂಡುರಂಗ ಮೇಷ್ಟ್ರು ಸೀನುತ್ತಲೇ ಚಪ್ಪಾಳೆ ಹೊಡೆದರು. ಹಿತ್ತಿಲಿನ ಗೋಡೆಯ ಬಣ್ಣ ಹಳದಿ ಎನ್ನುವುದು ನನಗೆ ಮರೆತೇಹೋಗಿತ್ತು, ಅದು ಕಾಣಿಸಿತು. ನಾನು ಬಿಳಿಗಿರಿಯ ಕೈಯನ್ನು ಎಲ್ಲರೆದುರು ಹಿಡಿದುಕೊಂಡೆ. ಅಷ್ಟು ಸಂತೋಷವಾಗಿತ್ತು.

ಯಂತ್ರ ನಿಂತ ಮೇಲೆ ಸೆರಗು ಬಿಗಿದುಕೊಂಡು ಅಡ್ಡಡ್ಡ ಹೆಜ್ಜೆ ಇಟ್ಟು ಕಲ್ಲಿನ ಹತ್ತಿರ ಹೋದೆ. ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಗೋಡೆಯೇ ಸಿಕ್ಕಿತು. ಕಲ್ಲಿನ ಮೇಲೆ ಕಲ್ಲಿನ ವಾಸನೆ ಇತ್ತು, ಅಷ್ಟೇ. ಬಗ್ಗಿ ನೋಡಿದೆ, ಕಲ್ಲಿಗೆ ಮೂಗು ಒತ್ತಿ ನೋಡಿದೆ. ಹೆದರಿಕೆ ಕೈಬಿಟ್ಟು ಜೋರಾಗಿ ಉಸಿರೆಳೆದು ನೋಡಿದೆ. ಎಲ್ಲೂ ಇರಲಿಲ್ಲ.

ಬಿಳಿಗಿರಿ ನನ್ನ ಮುಖ ನೋಡಿ ಓಡಿ ಬಂದ. ಏನೋ ಹೊಳೆದವನಂತೆ ಯಂತ್ರಕ್ಕೆ ಮತ್ತೆ ಕಿಡಿ ಕೊಟ್ಟು, ಅದರ ಬೆನ್ನಿಗೆ ಅಂಗೈ ಒಡ್ಡಿದ. ಅಂಗೈ ಪಟ್ಟನೆ ಅಂಟಿಕೊಂಡಿತು. ಯಂತ್ರ ನಿಲ್ಲಿಸಿ, ತನ್ನ ಕೈಯನ್ನೇ ನೋಡುತ್ತ, “ಇದು ಎಳೀತದೆ ಕಣಮ್ಮಿ,” ಅಂದ. “ಮುಂದ್ಗಡೆ ಎಸೀಬೇಕು ಅಂದ್ರೆ ಹಿಂದ್ಗಡೆಯಿಂದ ತಗೋಬೇಕಲ್ಲಾ. ನನ್ ತಲೆಗೇನಾಗಿತ್ತು.”

ಅವನನ್ನು ಬೈಯುವ ಹಾಗಿರಲಿಲ್ಲ. ಬೆನ್ನು ಮಾಡಿ ಇಡಿಸಿದವಳು ನಾನು. ಎರಡೂವರೆ ಗೇಣು ಉಳಿಸಲು ಹೋಗಿ ಇಡೀ ಅವ್ವನನ್ನು ನನ್ನ ಕೈಯಾರೆ ಬೀದಿಗೆ ಎಸೆದಿದ್ದೆ. ಆ ಕಲ್ಲಿನ ಮೇಲೆ ಕೂತು, ಅವ್ವ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಆವತ್ತು ಮೂಲೆಯಾದರೂ ಇತ್ತು.

ಆಗ ಬೀದಿಯಲ್ಲಿ ದಪದಪ ಸದ್ದು ಕೇಳಿಸಿತು. ಯಾರೋ ಓಡಿ ಬರುತ್ತಿದ್ದರು. ನಮ್ಮೂರಿನಲ್ಲಿ ಅಷ್ಟು ಉದ್ದಕ್ಕೆ ಓಡಿದವರಿಲ್ಲ. ಇಂಗು, ಹಲಸು, ಸಾಂಬ್ರಾಣಿ, ಎಲ್ಲರ ಮನೆಯ ವಾಸನೆಗಳನ್ನೂ ಎಡಕ್ಕೆ ಬಲಕ್ಕೆ ಚೆಲ್ಲುತ್ತ, ಐವತ್ತೆಂಟು ವರ್ಷದ ನಮ್ಮ ದೊಡ್ಡತಾಯಿ ತನ್ನ ಭಾರೀ ಮೈ ಹೊತ್ತುಕೊಂಡು ಓಡಿ ಬಂದಳು. ಹೊಸ್ತಿಲ ಮುಂದೆ ನಿಲ್ಲುತ್ತಾಳೆಂದುಕೊಂಡೆ. ನಿಲ್ಲಲಿಲ್ಲ. ದಾಟಿ, ನಡುಮನೆ ದಾಟಿ, ಹಿತ್ತಿಲಿಗೇ ಬಂದಳು. ಕಣ್ಣು ಮೂಗು ಎಲ್ಲ ಕೆಂಪಾಗಿ ಸುರಿಯುತ್ತಿತ್ತು. ಅದು ಅಳುವೋ ಖಾರವೋ ಗೊತ್ತಾಗುವಂತಿರಲಿಲ್ಲ. ದವಡೆಯಲ್ಲಿ ಹೊಗೆಸೊಪ್ಪಿತ್ತು, ಅವ್ವನ ಚಟ ಅವಳ ಪಾಲಿಗೇ ಬಂದಿತ್ತು.

“ಅವ್ವ ಬಂದಿದ್ಲು,” ಅಂದಳು ಏದುಸಿರಿನಲ್ಲೇ. “ಜಗುಲೀಲಿ ಕೂತು ಅಕ್ಕಿ ಆರಿಸ್ತಿದ್ದೆ. ಮೊದ್ಲು ಖಾರ ಬಂತು. ಇವಳ ಮಿಲ್ಲಿಗೆ ಬೆಂಕಿ ಬೀಳ ಅಂತ ಬಾಗ್ಲು ಹಾಕಾಕೆ ಎದ್ದೆ. ಖಾರದ ಹಿಂದ್ಗುಟ್ಟೇ ಅವ್ವ ಬಂದ್ಲು ಕಣೆ. ನೆಟ್ಟಗೆ ಒಳೀಕೆ ಬಂದ್ಲು.”

“ಹೋಗ್ಬುಟ್ಲು ಅಕ್ಕ,” ಅಂದೆ. “ಇಲ್ಲಿ ಇಲ್ಲ. ನಾನೇ ಕಳ್ಕಂಡೆ.”

“ಎಲ್ಲಿಗೆ ಹೋಯ್ತಾಳೆ? ಬಾಗ್ಲು ಹಾಕಿದೀನಿ, ಕಿಟಕಿ ಸಂದಿಗೆಲ್ಲ ಸೀರೆ ತುರುಕಿದೀನಿ. ನಡುಮನೇಲಿ ಅವ್ಳೆ. ಏಳು ಮೇಲೆ.” ಕೈಚಾಚಿದಳು. “ಅವ್ವನೇ ಬಂದು ಕರೆದ್ರೆ ಬತ್ತೀನಿ ಅಂದಿದ್ನಲ್ಲ. ಬಂದಿದೀನಿ.”

ಇಬ್ಬರೂ ಬೀದಿಯಲ್ಲಿ ನಡೆದು ಹೋದೆವು, ಈ ಸಲ ಊರಿನ ಮರ್ಯಾದೆಯಂತೆ ಮೆಲ್ಲಗೆ. ಜನ ದಾರಿ ಬಿಟ್ಟರು. ಅಕ್ಕ ಬಾಗಿಲನ್ನು ಮೈ ತೂರುವಷ್ಟೇ ತೆರೆದಳು. ಒಬ್ಬರ ಹಿಂದೆ ಒಬ್ಬರು ಅಡ್ಡಡ್ಡಲಾಗಿ ತೂರಿಕೊಂಡೆವು, ಅವಳು ಬೇಗ ಚಿಲಕ ಹಾಕಿದಳು. ಹನ್ನೊಂದು ವರ್ಷದಲ್ಲಿ ನಾನು ಆ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಒಳಗೆ ಮಬ್ಬುಗತ್ತಲು. ಒಂದು ಗಳಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಹರಳೆಣ್ಣೆ ಬಂತು, ಸೀಗೆ ಬಂತು, ಹೊಗೆಸೊಪ್ಪು ಬಂತು. ಕೋಣೆ ದೊಡ್ಡದು, ಮೂಲೆಯಲ್ಲಿದ್ದಷ್ಟು ಗಟ್ಟಿಯಾಗಿರಲಿಲ್ಲ. ಆದರೆ ಇದ್ದಳು.

“ವಸಿ ಖಾರ ಆಗವ್ಳೆ,” ಅಂದಳು ಅಕ್ಕ.

“ಮೊದ್ಲಿಂದ್ಲೂ ಹಂಗೇ ಅಲ್ವಾ,” ಅಂದೆ.

ನಾನು ಹಳೆಯ ಅಭ್ಯಾಸದಂತೆ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಿದ್ದೆ. ಅಕ್ಕ ಕತ್ತಲಿನಲ್ಲೇ ಅದನ್ನು ಕೇಳಿಸಿಕೊಂಡಳು. “ಯಾಕಂಗೆ ಕಳ್ಳಿ ಥರ ಉಸ್ರಾಡ್ತೀಯ? ಎಳ್ಕೊ,” ಅಂದಳು. ಹೊಟ್ಟೆ ತುಂಬ ಎಳೆದುಕೊಂಡೆ. ತಕ್ಷಣ ಸೀನು ಬಂತು. ಅವಳಿಗೂ ಬಂತು. ಸೀನಿದ ರಭಸಕ್ಕೆ ಅವ್ವ ಎಲ್ಲಿ ಚದುರಿಹೋಗುತ್ತಾಳೋ ಎಂದು ಇಬ್ಬರೂ ಒಟ್ಟಿಗೇ ಮೂಗು ಮುಚ್ಚಿಕೊಂಡೆವು. ಆಮೇಲೆ ನಗು ತಡೆಯಲಾಗಲಿಲ್ಲ.

ಅಕ್ಕ ತಡವುತ್ತ ಹೋಗಿ ಗೂಡಿನಿಂದ ಏನನ್ನೋ ತೆಗೆದಳು. ಹಿತ್ತಾಳೆ ಕೊಳಗದ ಮುಚ್ಚಳ ಬಿಚ್ಚಿದ ಸದ್ದಾಯಿತು. ಅದರ ತುಂಬ ಹರಳೆಣ್ಣೆ ಇತ್ತು.

“ಇವತ್ತು ಶನ್ವಾರ,” ಅಂದಳು. “ಕೂತ್ಕೊ.”

ನಾನು ನೆಲದ ಮೇಲೆ ಕೂತೆ. ಅವಳು ಹಿಂದೆ ಕೂತು, ಅಂಗೈ ತುಂಬ ಎಣ್ಣೆ ಹೊಯ್ದುಕೊಂಡು ನನ್ನ ನೆತ್ತಿಗೆ ತಟ್ಟಿ ತಿಕ್ಕತೊಡಗಿದಳು. ಎಣ್ಣೆ ಹಣೆಯಿಂದ ಕಣ್ಣಿಗೆ ಇಳಿಯಿತು. ನಾನು ಒರೆಸಿಕೊಳ್ಳಲು ಮಿಸುಕಿದೆ. ಬೆರಳ ಗೆಣ್ಣಿನಿಂದ ತಲೆಯ ಮೇಲೆ ಟಕ್ಕೆಂದು ಕುಟ್ಟಿ, ಬಾಯಿಯ ಹೊಗೆಸೊಪ್ಪನ್ನು ಆ ದವಡೆಯಿಂದ ಈ ದವಡೆಗೆ ಸರಿಸಿಕೊಂಡು, “ಅಲುಗಾಡಬ್ಯಾಡ” ಅಂದಳು.